ಗಿರಣಿಗೆ ಪಾಸಾದವನನ್ನು ಕರೆತಂದ ಸಿದ್ದಗಂಗಯ್ಯನವರು

ಶಿರಾ, ಮಧುಗಿರಿ ಸೀಮೆಯ ಕಡಲೆಕಾಯಿ ಎಣ್ಣೆಯ ಗಿರಣಿಗಳ ಮಾತು ಬಂದಾಗ ಶ್ರೀ ಸಿದ್ದಗಂಗಯ್ಯನವರ ಹೆಸರನ್ನು ಬಿಟ್ಟು ಮುಂದೆ ಹೋಗುವವರಿಲ್ಲ. ಗಾಡಿಯನ್ನು ನೋಡಿಯೇ ಕಾಯಿಯ ಬೆಲೆ ಹೇಳಬಲ್ಲವರು ಇಲ್ಲಿ ಹಲವರಿದ್ದಾರೆ. ಯಾವ ಕೆಲಸಕ್ಕೆ ಯಾರು ತಕ್ಕವರೆಂದು ಅರಿತು, ಅರಿತ ಮೇಲೆ ಅವರ ಬೆನ್ನಿಗೆ ನಿಲ್ಲಬಲ್ಲವರು ಅಪರೂಪ.

ಮಧುಗಿರಿಯ ಕೋಟೆ ಬೀದಿಯಲ್ಲಿ ಹುಟ್ಟಿದ ಅವರು ಗುಮಾಸ್ತರಾಗಿ ಶಿರಾದ ಗಿರಣಿಗೆ ಸೇರಿ, ಮೇನೇಜರರಾದರು. ಗೌಡಗೆರೆ, ತಾವರೆಕೆರೆಗಳಿಂದ ಬಂದು ಸರದಿ ಕಾಯುವ ಎತ್ತುಗಳಿಗೆ ಮೊದಲು ಹಿಂಡಿ, ಆಮೇಲೆ ತೂಕ ಎಂಬ ಪದ್ಧತಿ ಅವರು ತಂದದ್ದು.

ಊರಿಗೆ ವಿದ್ಯುತ್ ತಂತಿ ಬಂದ ವರ್ಷ ಮಾಲೀಕರಾದ ಮಹಾಲಿಂಗಯ್ಯನವರು ಹಳೆಯ ಎಣ್ಣೆ ಇಂಜಿನ್ನಿನ ಜಾಗಕ್ಕೆ ಮೋಟರು ತರಿಸಿದರು. ಅದನ್ನು ನೋಡಿಕೊಳ್ಳಲು ಬೆಂಗಳೂರಿನಲ್ಲಿ ಕಲಿತು ಪಾಸಾದ ಎಲೆಕ್ಟ್ರಿಷಿಯನ್ ಬೇಕೆಂದು ಸಿದ್ದಗಂಗಯ್ಯನವರು ಕೇಳಿದಾಗ ಮಾಲೀಕರು ನಕ್ಕರು.

“ನಮ್ಮ ತಂಗಿ ಮಗ ಇಲ್ವಾ? ಊರೆಲ್ಲ ದೀಪ ಹಾಕ್ಕೊಟ್ಟವ್ನೆ.”

“ದೀಪ ಕೆಟ್ರೆ ಕತ್ತಲಾಯ್ತದೆ ಸ್ವಾಮಿ. ಇದು ಕೆಟ್ರೆ ಆಳು ಹೋಗ್ತಾನೆ,” ಎಂದರು ಇವರು.

ಕೊನೆಗೆ ಆ ಹುಡುಗನನ್ನೂ ಪಾಸಾದವನೊಬ್ಬನನ್ನೂ ಕರೆಸಿ ಮೋಟರು ನಡೆಸಲು ಹೇಳಿದರು. ಮಾಲೀಕರ ಸೋದರಳಿಯ ನೇರವಾಗಿ ಸ್ವಿಚ್ಚಿಗೆ ಕೈಹಾಕಿದ. ಅವನನ್ನು ಅಲ್ಲೇ ತಡೆದರು. ಪಾವಗಡದ ಕಡೆಯ ಓಬಳಯ್ಯ, ಬೆಂಗಳೂರಿನಲ್ಲಿ ಪಾಸಾಗಿ ಬಂದವನು, ಮೋಟರಿನ ಸುತ್ತ ತಿರುಗಿ, “ನೆಲಕ್ಕೆ ಹೋಗೋ ತಂತಿ ಎಲ್ಲಿ ಸ್ವಾಮಿ?” ಎಂದು ಕೇಳಿದ. ಮೋಟರಿನ ಮೈಗೆ ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಆ ತಂತಿ ಇರಲಿಲ್ಲ. ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ತಂತಿ ಇಳಿಸುವವರೆಗೆ ಅವನು ಮೋಟರು ಮುಟ್ಟಲಿಲ್ಲ. ಮೋಟರು ಶುರುಮಾಡಲು ಇಟ್ಟಿದ್ದ ಮುಹೂರ್ತ ತಪ್ಪಿಹೋಯಿತು. ಸಿದ್ದಗಂಗಯ್ಯನವರು ಅವನನ್ನೇ ನೇಮಿಸಿದರು. ತಪ್ಪಾದರೆ ಹೊಣೆ ತಮ್ಮದೆಂದು ಮಾಲೀಕರಿಗೆ ಮಾತು ಕೊಟ್ಟರು.

ಆ ಮಾತಿಗೆ ಬೆಲೆ ಕಟ್ಟುವ ದಿನ ಆಯುಧಪೂಜೆಯಂದು ಬಂತು. ಹಬ್ಬಕ್ಕೆ ಯಂತ್ರವನ್ನು ಮೀಯಿಸಿ ಅರಿಶಿನ ಹಚ್ಚುವುದು ಗಿರಣಿಯ ವಾಡಿಕೆ. ಮೀಯಿಸುವ ಗೌರವ ಹಳೆಯ ಇಂಜಿನ್ನು ನಡೆಸುತ್ತಿದ್ದ ಮುದಿ ಡ್ರೈವರು ದೊಡ್ಡರಂಗಪ್ಪನದು. ಮಾಲೀಕರು ತುಂಬಿದ ಕೊಡವನ್ನು ಅವನ ಕೈಗಿತ್ತರು. ಓಬಳಯ್ಯ ಮೋಟರಿಗೆ ಅಡ್ಡ ನಿಂತ. ಅವಸರದಲ್ಲಿ ಬಾಯಿಗೆ ಬಂದದ್ದು ಮನೆಯ ತೆಲುಗು:

“ವದ್ದು ತಾತಾ, ನೀಳ್ಳು ವದ್ದು.”

ನೀರು ಬೇಡವೆಂದದ್ದು ತಿಳಿದು ದೊಡ್ಡರಂಗಪ್ಪ ಕೆರಳಿದ. “ಏನ್ಲಾ, ಹಬ್ಬದಲ್ಲಿ ನಿಮ್ಮವ್ವ ನಿನ್ ತಲೆಗೆ ನೀರು ಹಾಕ್ತಿರ್ಲಿಲ್ವಾ?”

“ಹಾಕ್ತಿದ್ಲು. ಕಾದ ಎಣ್ಣೆ ಬಾಣಲಿಗೆ ಹಾಕ್ತಿರ್ಲಿಲ್ಲ.”

ಕೆಲಸಗಾರರು ಗೊಣಗತೊಡಗಿದರು. ದೇವರ ಕಾರ್ಯಕ್ಕೆ ಅಡ್ಡ ಬಂದವನ ಕೈಕೆಳಗೆ ದುಡಿಯುವುದಿಲ್ಲವೆಂದು ಒಬ್ಬ ಹೇಳಿಯೂ ಬಿಟ್ಟ. ಮಹಾಲಿಂಗಯ್ಯನವರ ಮುಖ ಕೆಂಪಾಯಿತು.

“ಮೇನೇಜರೇ, ನಿಮ್ಮ ಪಾಸಾದೋನ್ನ ಈವತ್ತೇ ಕಳ್ಸಿಬುಡಿ.”

ಅವನನ್ನು ಕಳಿಸಿದ್ದರೆ ಹಬ್ಬ ಸುಸೂತ್ರವಾಗಿ ನಡೆಯುತ್ತಿತ್ತು, ತಮ್ಮ ಹುದ್ದೆಯೂ ಉಳಿಯುತ್ತಿತ್ತು. ಮನೆಯಲ್ಲಿ ಮದುವೆಗೆ ನಿಂತ ಮಗಳಿದ್ದಳು. ಆದರೂ ಸಿದ್ದಗಂಗಯ್ಯನವರು, “ಇದನ್ನ ಹೇಳೋಕೇ ಅವನ್ನ ಕರ್ಕೊಂಬಂದದ್ದು. ಅವನು ಹೋದ್ರೆ ನಾನೂ ಹೋಗ್ತೀನಿ,” ಎಂದರು. ದನಿ ಏರಿಸಲಿಲ್ಲ.

ದೊಡ್ಡರಂಗಪ್ಪನ ಸಿಟ್ಟು ನೀರಿನದಲ್ಲ, ಮೋಟರು ಬಂದ ಮೇಲೆ ತನಗೆ ಗಿರಣಿಯಲ್ಲಿ ಏನು ಉಳಿಯಿತು ಎಂಬುದರದು ಎಂದು ಅವರು ಕಂಡುಕೊಂಡಿದ್ದರು. ಹತ್ತಿರ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟರು.

“ಮೋಟರು ಅವನ್ದು ರಂಗಪ್ಪ, ಪೂಜೆ ನಿಂದೇ. ನಾನಿರೋವರ್ಗೂ ನಿಂದೇ. ಒಣ ಕುಂಕುಮ ಇಡು, ಹೂವ ಇಡು. ದೇವ್ರು ಬೇಡ ಅಂತಾನಾ?”

ಮುದುಕ ಮಾಲೀಕರ ಕಡೆ ನೋಡಿದ. ಆಮೇಲೆ ಕೈಯಲ್ಲಿದ್ದ ಕೊಡದ ಕಡೆ.

“ಈ ನೀರೇನ್ಮಾಡ್ಲಿ ಈಗ?”

“ಅವನ ತಲೆ ಮೇಲೆ ಹುಯ್ಯಿ ತಾತ, ಬಿಸಿಯಾಗವ್ನೆ,” ಎಂದು ಹಿಂದಿನಿಂದ ಯಾರೋ ಅಂದರು. ದೊಡ್ಡರಂಗಪ್ಪ ಹಾಗೆಯೇ ಮಾಡಿದ. ಓಬಳಯ್ಯ ತೊಯ್ದು ನಿಂತ. ನಗು ಮಾಲೀಕರವರೆಗೂ ಮುಟ್ಟಿತು. ಅವನನ್ನು ಕಳಿಸುವ ಮಾತು ಮತ್ತೆ ಬರಲಿಲ್ಲ. ಅಂದಿನಿಂದ ಶಿರಾದ ಆ ಗಿರಣಿಯಲ್ಲಿ ಹಬ್ಬ ಒಣಹಬ್ಬ.

ಈಗ ಸಿದ್ದಗಂಗಯ್ಯನವರು ನಿವೃತ್ತರಾಗುತ್ತಿದ್ದಾರೆ. ಅವರ ಆಡಳಿತದಲ್ಲಿ ಗಿರಣಿ ಎಷ್ಟು ಎಣ್ಣೆ ತೆಗೆಯಿತೆಂದು ಬೇರೆಯವರು ಬರೆಯುತ್ತಾರೆ. ಮೋಟರು ಬಂದಂದಿನಿಂದ ಒಬ್ಬ ಕೆಲಸಗಾರನನ್ನೂ ಅಲ್ಲಿಂದ ಗಾಡಿಯಲ್ಲಿ ಮಲಗಿಸಿ ತರಲಿಲ್ಲ ಎಂಬುದನ್ನು ಇಲ್ಲಿ ಬರೆದಿಡಬೇಕು. ಗಿರಣಿಯ ಸಿಳ್ಳು ಕೇಳಿ ಅನ್ನಕ್ಕೆ ಎಸರಿಡುವ ಹೆಂಗಸರು ಇದನ್ನು ಯಾರಿಗೂ ಹೇಳುವುದಿಲ್ಲ. ಗಂಡಸರು ಮನೆಗೆ ಬರುತ್ತಾರೆಂದು ಗೊತ್ತಿರುವಾಗ ಹೇಳುವುದೇನಿದೆ?

ಕೊರಟಗೆರೆಯಲ್ಲಿ ಹೊಸ ಗಿರಣಿ ಕಟ್ಟುವವರು ಆಳು ಆರಿಸಿಕೊಡಲು ಅವರನ್ನು ಈಗಾಗಲೇ ಕೇಳಿದ್ದಾರೆ, ಅವರು ಒಪ್ಪಿದ್ದಾರೆ. ಮಧುಗಿರಿಯ ಮಲ್ಲೇಶ್ವರನು ಅವರಿಗೆ ಆಯುಸ್ಸನ್ನೂ ಕಾಲಿಗೆ ಕಸುವನ್ನೂ ಕೊಡಲಿ. ಅವರು ಆರಿಸಿದವರ ಕೈಯಲ್ಲಿ ಇನ್ನೂ ಹಲವು ಗಿರಣಿಗಳು ನಡೆಯಲಿ, ಅಲ್ಲಿಯವರೂ ಸಂಜೆಗೆ ಮನೆ ಸೇರಲಿ.