ಬಲಗಡೆಯಿಂದ ಹೊಲಿದ ಪುಸ್ತಕ

ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬೈಂಡರ್ ಅಜಮತ್ ಉಲ್ಲಾ ಸಾಬರ ಅಂಗಡಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ಮೂಗೇ ಹೇಳುತ್ತಿತ್ತು. ಮೈದಾ ಅಂಟಿನ ಹುಳಿ ವಾಸನೆ, ಹುಳ ಹಿಡಿಯದಿರಲೆಂದು ಅದಕ್ಕೆ ಬೆರೆಸಿದ ಮೈಲುತುತ್ತದ ಘಾಟು, ಹಳೆ ಕಾಗದದ ಧೂಳು. ಎಪ್ಪತ್ತೇಳನೇ ಇಸವಿಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಆ ಅಂಗಡಿಯ ಮೆಟ್ಟಿಲ ಮೇಲೆ ಪೇಟೆಬೀದಿಯ ಬೆಲ್ಲದ ವ್ಯಾಪಾರಿಯ ಹೆಂಡತಿ ವೀರಮ್ಮ ಬಂದು ಕುಸಿದು ಕೂತರು. ಸೆರಗನ್ನು ಬಾಯಿಗೆ ಒತ್ತಿಕೊಂಡೇ ಹೇಳಿದರು.

“ಸಾಬ್ರೇ, ನಮ್ಮ ನೀಲ ಬಾಯಿ ಬಿಟ್ಟಾಳೆ ರೀ.”

ನೀಲ ಬಾಯಿ ಮುಚ್ಚಿದ್ದು ಊರಿಗೆಲ್ಲ ಗೊತ್ತಿದ್ದ ಸಂಗತಿಯೇ. ನೀಲಾಂಬಿಕ ವೀರಮ್ಮನ ಒಬ್ಬಳೇ ಮಗಳು. ಸೊರಬದ ಕಡೆ ಕುಪ್ಪಗಡ್ಡೆಗೆ ಕೊಟ್ಟಿದ್ದರು. ಅವಳಿಗೊಬ್ಬ ಮಗ, ಐದು ವರ್ಷದವನು. ಕೊಟ್ಟಿಗೆಗೆ ಹಾಸುವ ದರಗೆಲೆ ತರಲು ಹೊರಟ ಅಜ್ಜನ ಗಾಡಿ ಹತ್ತಿ ಹಟ ಮಾಡಿ ಕಾಡಿನಂಚಿಗೆ ಹೋಗಿಬಂದವನಿಗೆ ದನದ ಮೈಗೆ ಹತ್ತುವಂಥ ಉಣುಗು ಕಚ್ಚಿತು. ಮಂಗನ ಕಾಯಿಲೆ. ಹನ್ನೊಂದನೇ ದಿನಕ್ಕೆ ಮಗು ಇಲ್ಲ. ಅಂದಿನಿಂದ ನೀಲಾಂಬಿಕ ಅಳಲೂ ಇಲ್ಲ, ಒಂದು ಮಾತೂ ಆಡಲಿಲ್ಲ. ಗಂಡ ಜಯಪ್ಪ ಕೈಚೆಲ್ಲಿ ತವರಿಗೆ ತಂದು ಬಿಟ್ಟು ಹೋಗಿ ಎರಡು ತಿಂಗಳಾಗಿತ್ತು. ಬಾಯಿಗೆ ಹಿಡಿದರೆ ನಾಲ್ಕು ಅಗುಳು, ಇಲ್ಲದಿದ್ದರೆ ಅದೂ ಇಲ್ಲ. ಕೈ ನೋಡಿದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು.

“ನಿನ್ನೆ ತಾನಾಗೇ ಅಂದ್ಲು, ‘ಅವ್ವಾ, ಸಾಬ್ರ ಅಂಗಡೀಲಿ ಚಿತ್ರದ ಪುಸ್ತಕ ಇನ್ನೂ ಅದಾವಾ’ ಅಂತ. ಅಷ್ಟೇ. ಯಾವುದು ಅಂತ ಕೇಳಿದ್ರೆ ಮತ್ತೆ ಮುಚ್ಚಿಕೊಂಡ್ಲು. ಯಾರಿಗೆ ಯಾವುದು ಕೊಡಬೇಕು ಅಂತ ನಿಮಗೆ ಮುಖ ನೋಡಿದ್ರೇ ಗೊತ್ತಾಗ್ತದಂತಲ್ಲ. ನೀವೇ ಒಂದು ಆರಿಸಿ ಕೊಡ್ರಿ. ಅದರ ನೆಪದಲ್ಲಾದ್ರೂ ಒಂದು ತುತ್ತು ಉಂಡಾಳೇನೋ.”

ಆ ಹೆಸರು ಸಾಬರಿಗೆ ಇದ್ದದ್ದು ನಿಜ. ರದ್ದಿಗೆ ಬಂದ ವಾರಪತ್ರಿಕೆಗಳಿಂದ ಚಿತ್ರಕಥೆಯ ಹಾಳೆಗಳನ್ನು ಬಿಡಿಸಿ, ವಾರದ ಮೇಲೆ ವಾರ ಜೋಡಿಸಿ, ಅಂಚು ಕತ್ತರಿಸಿ, ಹೊಲಿದು, ರಟ್ಟು ಹಾಕಿ ಅವರು ಬಾಡಿಗೆಗೆ ಕೊಡುತ್ತಿದ್ದರು. ಅಂಥವು ನೂರನಲವತ್ತು ಇದ್ದವು. ಬಸ್ಸು ತಪ್ಪಿದವನಿಗೆ ನಗೆಯದು, ಗಂಡನ ಮೇಲೆ ಸಿಟ್ಟು ಮಾಡಿಕೊಂಡು ಬಂದವಳಿಗೆ ರಾಣಿಯದು, ಪರೀಕ್ಷೆ ಫೇಲಾದವನಿಗೆ ಜಟ್ಟಿಯದು. ಕೇಳಿದ್ದನ್ನು ಕೊಡುವ ಅಭ್ಯಾಸವೇ ಇರಲಿಲ್ಲ ಪುಣ್ಯಾತ್ಮನಿಗೆ. “ಅದು ನಿನಗಲ್ಲ, ಇದು ತಗೋ” ಎಂದು ತಾವೇ ಕೈಗೆ ತುರುಕುತ್ತಿದ್ದರು. ಮಜಾ ಎಂದರೆ, ಕನ್ನಡ ಮಾತಿನಲ್ಲಿ ಯಾರಿಗೂ ಸೋಲದ ಈ ಮನುಷ್ಯನಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ನಾಲ್ಕು ವರ್ಷ ಉರ್ದು ಶಾಲೆಯಲ್ಲಿ ಕೂತದ್ದೇ ಅವರ ಓದು. ಚಿತ್ರ ನೋಡಿ ಕಥೆ ತಿಳಿದುಕೊಳ್ಳುತ್ತಿದ್ದರು. ಕೆಳಗಿನ ಅಕ್ಷರದ ಪಟ್ಟಿ ರಟ್ಟಿನ ಅಳತೆಗೆ ಅಡ್ಡ ಬಂದರೆ ಕತ್ತರಿಸಿ ಎಸೆಯುವುದಕ್ಕೂ ಅವರಿಗೆ ಕೈ ನಡುಗುತ್ತಿರಲಿಲ್ಲ.

ನೀಲಾಂಬಿಕ ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ ದಿನವೂ ಶಾಲೆ ಬಿಟ್ಟು ನೇರ ಇಲ್ಲಿಗೇ ಬರುತ್ತಿದ್ದಳು. ಒಂದು ದಿನ ಅಂಬಿಗರ ಪುಸ್ತಕಕ್ಕೆ ಕೈ ಹಾಕಿದಳು. ಮೂವತ್ತೆರಡು ಹಾಳೆ, ಹಾಳೆಗೊಂದು ದೊಡ್ಡ ಚಿತ್ರ, ಮಾತೇ ಇಲ್ಲ. ಒಬ್ಬ ಅಂಬಿಗರ ಹೆಂಗಸು, ಅವಳಿಗೊಬ್ಬ ಮಗ. ತೊಟ್ಟಿಲಲ್ಲಿ ನಕ್ಕ ಮಗು ದೊಡ್ಡದಾಗಿ, ಹರಿಗೋಲು ಹಿಡಿದು ಹೊಳೆಗಿಳಿದು, ನೆರೆಯಲ್ಲಿ ಹೋಗಿಬಿಡುತ್ತದೆ. ದಡದಲ್ಲಿ ತಾಯಿ, ನೀರಲ್ಲಿ ಮಗುಚಿದ ಹರಿಗೋಲು. ಅದೇ ಕೊನೆಯ ಚಿತ್ರ.

“ಅದು ಬ್ಯಾಡ ಪುಟ್ಟಿ, ಅದು ಅಳೋ ಕಥೆ,” ಎಂದಿದ್ದರು ಸಾಬರು. ಹುಡುಗಿ ಕೇಳಲಿಲ್ಲ. ಮಾರನೆಯ ದಿನ ಸೊಂಟದ ಮೇಲೆ ಕೈಯಿಟ್ಟುಕೊಂಡು ಜಗಳಕ್ಕೇ ಬಂದಳು.

“ಸುಳ್ಳು ಹೇಳಿದ್ರಿ ಸಾಬ್ರೇ! ಅಳೋದು ಮೊದಲು ಅಷ್ಟೇ. ಆಮೇಲೆ ಹುಡುಗ ವಾಪಸ್ ಬರ್ತಾನೆ. ಕೊನೇಲಿ ತೊಟ್ಟಿಲಲ್ಲಿ ನಗ್ತಾನೆ!”

ಮಕ್ಕಳು ತಮಗೆ ಬೇಕಾದ ಹಾಗೆ ತಿಳಿದುಕೊಳ್ಳುತ್ತವೆ ಎಂದುಕೊಂಡು ಸಾಬರು ನಕ್ಕು ಸುಮ್ಮನಾದರು. ಹುಡುಗಿ ಆ ಪುಸ್ತಕವನ್ನು ಮತ್ತೆ ಮತ್ತೆ ಒಯ್ದಳು. ಮದುವೆಯಾಗಿ ಹೋಗುವ ವಾರವೂ ಒಮ್ಮೆ ಬಂದು ನೋಡಿ ಹೋಗಿದ್ದಳು.

ಅದು ಹೇಗಾಯಿತೆಂಬುದು ಸಾಬರಿಗೆ ತಿಳಿದದ್ದು ಬಹಳ ತಡವಾಗಿ. ಕಿರಿಮಗಳು ಜೈನಾಬ್ ಹಟ ಹಿಡಿದು ಕನ್ನಡ ಶಾಲೆಗೆ ಸೇರಿದ್ದಳು. ಎಪ್ಪತ್ನಾಲ್ಕರಲ್ಲಿ ಒಂದು ದಿನ ಜಟ್ಟಿಯ ಪುಸ್ತಕ ತೆರೆದು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಅಬ್ಬಾ, ಮೊದಲನೇ ಹಾಳೇಲೇ ‘ಮುಗಿಯಿತು’ ಅಂತ ಐತಲ್ಲ!” ಉರ್ದು ಓದುವುದು ಬಲದಿಂದ ಎಡಕ್ಕೆ, ಹಾಗಾಗಿ ಪುಸ್ತಕ ಎಂದರೆ ಬಲಗಡೆಯಿಂದ ತೆರೆಯುವುದು ಎಂಬುದು ಸಾಬರ ಕೈಗೆ ಅಂಟಿದ ರೂಢಿ. ಅಚ್ಚಾಗಿ ಬಂದ ಪುಸ್ತಕಗಳನ್ನು ಇದ್ದಂತೆಯೇ ಹೊಲಿಯುತ್ತಿದ್ದರು, ಅಲ್ಲಿ ತಪ್ಪಿಗೆ ಜಾಗವಿರಲಿಲ್ಲ. ತಾವೇ ಜೋಡಿಸಿದ ಈ ಕಥೆಗಳಲ್ಲಿ ಮಾತ್ರ ಮೊದಲ ಹಾಳೆಯನ್ನು ಬಲತುದಿಗಿಟ್ಟು, ಕೊನೆಯದನ್ನು ಎಡಕ್ಕಿಟ್ಟು ಹೊಲಿದುಬಿಟ್ಟಿದ್ದರು. ಕನ್ನಡದವರು ಎಡದಿಂದ ತೆರೆದಾಗ ಸತ್ತವರು ಎದ್ದು ಬರುತ್ತಿದ್ದರು, ಮುದುಕರು ಮಕ್ಕಳಾಗುತ್ತಿದ್ದರು. ನಗುವವರು ನಕ್ಕಿದ್ದರು, ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ನಾಚಿಕೆ ಎಂದರೆ ಎಂಥ ನಾಚಿಕೆ! ನಾಲ್ಕು ದಿನ ಸಾಬರು ಅಂಗಡಿ ತೆರೆಯಲಿಲ್ಲ. ಆಮೇಲೆ ಒಂದಿಡೀ ಮಳೆಗಾಲ ಕೂತು ನೂರನಲವತ್ತನ್ನೂ ಬಿಚ್ಚಿ, ತಿರುವಿ ಹೊಲಿದರು. ಇನ್ನು ನನ್ನ ಅಂಗಡಿಯಲ್ಲಿ ತಪ್ಪು ಹುಡುಕಿದರೂ ಸಿಗದು ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು.

ಈಗ ವೀರಮ್ಮನನ್ನು ಕಳಿಸಿ, ಹೆಂಡತಿ ಹಾಜಿರಾ ಬೀಯನ್ನು ಕರೆದು, ಇಬ್ಬರೂ ಪುಸ್ತಕ ಹರವಿಕೊಂಡು ಕೂತರು. ಸಾಬರು ಮೊದಲು ಎತ್ತಿದ್ದೇ ತುಂಟ ಕೋತಿಯ ಕಥೆ. “ಇದು ನೋಡಿ ನಗದವರೇ ಇಲ್ಲ,” ಎಂದರು. ಹಾಜಿರಾ ಬೀ ಅದನ್ನು ಕಿತ್ತುಕೊಂಡರು.

“ಬುದ್ಧಿ ಐತೇನ್ರೀ ನಿಮಗೆ? ಮಂಗನ ಕಾಯಿಲೇಲಿ ಮಗು ಹೋದವಳಿಗೆ ಮಂಗನ ಚಿತ್ರ ತೋರಿಸ್ತೀರಾ?”

ಸಾಬರು ಮತ್ತೆ ರಾಶಿಗೆ ಕೈ ಹಾಕಿದರು. ರಾಜನ ಬೇಟೆಯದು ತೆಗೆದರು, ಅದರಲ್ಲಿ ಕಾಡು. ಜಟ್ಟಿಯದು ತೆಗೆದರು, ಅವನ ಭುಜದ ಮೇಲೆ ಮಗು. ರಾಣಿಯದರಲ್ಲಿ ರಾಜಕುಮಾರನ ನಾಮಕರಣ. ಕಳ್ಳನ ಕಥೆಯಲ್ಲೂ, ಅಯ್ಯೋ ಅವನ ಮನೆ ಹಾಳಾಗ, ಅವನು ಕದಿಯುವುದೇ ತೊಟ್ಟಿಲ ಮೇಲಿನ ಬೆಳ್ಳಿ ಗಿಲಕಿ. ಮಗುವಿಲ್ಲದ, ತಾಯಿಯಿಲ್ಲದ ಕಥೆ ನೂರನಲವತ್ತರಲ್ಲಿ ಒಂದು ಸಿಗುವುದೂ ಕಷ್ಟವೆಂದು ಅವರಿಗೆ ಅಂದೇ ಗೊತ್ತಾದದ್ದು. ಅಂಬಿಗರ ಪುಸ್ತಕವನ್ನಂತೂ ಯಾರ ಕಣ್ಣಿಗೂ ಬೀಳದಂತೆ ಅಟ್ಟಕ್ಕೆಸೆದರು. ಕಡೆಗೆ ಉಳಿದದ್ದು, ಹಣೆಯ ಮೇಲಿನ ಕನ್ನಡಕವನ್ನು ಊರೆಲ್ಲ ಹುಡುಕುವ ಶ್ಯಾನುಭೋಗನ ಕಥೆ. ಅದನ್ನೇ ಕಳಿಸಿದರು.

ಮಾರನೆಯ ದಿನ ಆ ಪುಸ್ತಕ ಹಿಡಿದು ನೀಲಾಂಬಿಕ ತಾನೇ ಬಂದಳು. ಹಿಂದೆ ವೀರಮ್ಮ, ಮಗಳು ನಾಲ್ಕು ಹೆಜ್ಜೆ ನಡೆದದ್ದಕ್ಕೇ ಕಣ್ಣರಳಿಸಿಕೊಂಡು.

“ಇದಲ್ಲ ಸಾಬ್ರೇ. ಅಂಬಿಗರ ಪುಸ್ತಕ ಕೊಡ್ರಿ.”

“ಅದು ಬ್ಯಾಡ ತಾಯಿ. ಅದು ಅಳೋ ಕಥೆ.”

ನೀಲಾಂಬಿಕಳ ಒಣಗಿದ ತುಟಿ ಒಂದಿಷ್ಟು ಅಲುಗಿತು. ನಕ್ಕಳೆಂದೇ ಹೇಳಬೇಕು. “ಆವತ್ತೂ ಹಿಂಗೇ ಅಂದಿದ್ರಿ,” ಎಂದಳು.

ಆ ನಗು ಕಂಡ ಮೇಲೆ ಇಲ್ಲವೆನ್ನುವುದು ಹೇಗೆ? ವೀರಮ್ಮ ಕಣ್ಣಲ್ಲೇ ಕೈಮುಗಿಯುತ್ತಿದ್ದರು. ಸಾಬರು ಅಟ್ಟದಿಂದ ಪುಸ್ತಕ ಇಳಿಸಿ, ಧೂಳು ಒರೆಸಿ ಕೊಟ್ಟರು. ಅವಳು ಮೆಟ್ಟಿಲ ಮೇಲೇ ಕೂತು ಎಡದಿಂದ ತೆರೆದಳು. ತೊಟ್ಟಿಲು. ಹುಬ್ಬು ಗಂಟಿಕ್ಕಿ ಮುಂದಿನ ಹಾಳೆ ತಿರುವಿದಳು, ಮತ್ತೊಂದು, ಮತ್ತೊಂದು. ಕೊನೆಗೆ ದಡದಲ್ಲಿ ನಿಂತ ತಾಯಿಯ ಹತ್ತಿರ ಬಂದು ನಿಂತಳು. ಮುಂದೆ ರಟ್ಟು.

“ಇದು ಬೇರೆ ಪುಸ್ತಕ. ಅದನ್ನ ಕೊಡ್ರಿ.”

ಇಲ್ಲಿ ಸುಮ್ಮನಿರಬೇಕಿತ್ತು ಸಾಬರು. ಅದು ಕಳೆದುಹೋಯಿತು, ಇಲಿ ಕಡಿಯಿತು, ಏನಾದರೊಂದು ಸುಳ್ಳು ಹೇಳಿದ್ದರೆ ಯಾವ ದೇವರು ಬಂದು ಕೇಳುತ್ತಿದ್ದ? ಆದರೆ ಒಂದು ಮಳೆಗಾಲದ ದುಡಿಮೆಯ ಹೆಮ್ಮೆ ನಾಲಗೆಯ ತುದಿಯಲ್ಲೇ ಕೂತಿತ್ತು.

“ಅದೇ ಪುಸ್ತಕ ತಾಯಿ. ಆವತ್ತು ನಾನು ಹಿಂದುಮುಂದಾಗಿ ಹೊಲಿದಿದ್ದೆ. ನಮ್ಮ ಜೈನಾಬ್ ಕಂಡುಹಿಡಿದ್ಲು. ಈಗ ಎಲ್ಲಾ ಸರಿ ಮಾಡೀನಿ.”

ನೀಲಾಂಬಿಕ ಪುಸ್ತಕದ ಬೆನ್ನಿನ ಹೊಲಿಗೆಯನ್ನು ಉಗುರಿನಿಂದ ಮುಟ್ಟಿ ನೋಡಿದಳು.

“ಹಂಗಾದ್ರೆ ಆ ಕಥೆ ಯಾರೂ ಬರೆದಿದ್ದಲ್ಲ?”

“ಯಾರೂ ಅಲ್ಲ. ನನ್ನ ತಪ್ಪು ಅದು.”

“ಮಣ್ಣು ಮಾಡೋವಾಗ ನಾನು ಅಳಲಿಲ್ಲ ಸಾಬ್ರೇ. ಎಲ್ಲರೂ ಬೈದ್ರು. ಅಳೋದು ಮೊದಲನೇ ಹಾಳೆ, ಇನ್ನೂ ಮುಂದೈತೆ ಅಂದ್ಕೊಂಡಿದ್ದೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಯಾಕೆ ಸರಿ ಮಾಡಿದ್ರಿ?”

ವೀರಮ್ಮ ಮಗಳ ತೋಳು ಹಿಡಿದು ಎಬ್ಬಿಸಿಕೊಂಡು ಹೋದರು. ಎರಡು ದಿನದ ಮೇಲೆ ಸುದ್ದಿ ಬಂತು. ಹಿಡಿದ ನಾಲ್ಕಗುಳನ್ನೂ ಈಗ ಅವಳು ಉಗುಳುತ್ತಿದ್ದಾಳೆ, ನೀರು ಕುಡಿಸಿದರೆ ಕಟಬಾಯಿಯಿಂದ ಇಳಿಯುತ್ತದೆ.

ಅಂದು ಸಂತೆಯ ದಿನ. ಓಣಿಯ ತುಂಬ ಜನ, ಕೂಗಾಟ. ಸಾಬರು ಅಂಗಡಿಯ ಅರ್ಧ ಬಾಗಿಲು ಹಾಕಿ ಅಂಬಿಗರ ಪುಸ್ತಕದ ಹೊಲಿಗೆ ಬಿಚ್ಚಿದರು. ಎರಡು ಸಲ ಸೂಜಿ ಕಂಡ ಅಗ್ಗದ ಕಾಗದ, ಮುಟ್ಟಿದರೆ ಅಂಚು ಪುಡಿಯಾಗುತ್ತಿತ್ತು. ಒಂದೊಂದು ಹಾಳೆಗೂ ತೆಳು ಬಟ್ಟೆಯ ಪಟ್ಟಿ ಅಂಟಿಸಿ, ಒಣಗಿಸಿ, ಬಟ್ಟೆಗೇ ಹೊಲಿಗೆ ಹಾಕಿದರು. ದಡದ ತಾಯಿ ಎಡತುದಿಗೆ, ತೊಟ್ಟಿಲು ಬಲತುದಿಗೆ. ಹಿಂದೆ ಮಾಡಿದ್ದು ಗೊತ್ತಿಲ್ಲದೆ. ಈಗ ಗೊತ್ತಿದ್ದೂ ಮಾಡುತ್ತಿದ್ದರು, ಮತ್ತು ಯಾ ಅಲ್ಲಾ, ಈ ತಪ್ಪೊಂದು ಹೀಗೇ ಉಳಿಯಲಿ ಎಂದು ಬೇಡಿಕೊಳ್ಳುತ್ತಿದ್ದರು. ಮಧ್ಯಾಹ್ನದ ನಮಾಜು ತಪ್ಪಿತು, ಊಟವೂ ತಪ್ಪಿತು.

ಇಳಿಬಿಸಿಲಲ್ಲಿ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ವೀರಮ್ಮನ ಮನೆಯ ಜಗಲಿ ಹತ್ತಿದರು. ನೀಲಾಂಬಿಕ ಕಂಬಕ್ಕೊರಗಿ ಕೂತಿದ್ದಳು. ಪಕ್ಕದಲ್ಲಿ ವೀರಮ್ಮ, ಮಜ್ಜಿಗೆ ಅನ್ನ ಕಲಸಿದ ತಟ್ಟೆ ಹಿಡಿದುಕೊಂಡು.

“ತಗೋ ತಾಯಿ. ನಿನ್ನ ಪುಸ್ತಕ. ಮೊದಲಿನ ಹಂಗೇ ಐತೆ,” ಎಂದರು.

ಅವಳು ತೆಗೆದುಕೊಂಡಳು, ಎಡದಿಂದ ತೆರೆದಳು. ದಡದಲ್ಲಿ ತಾಯಿ, ಮಗುಚಿದ ಹರಿಗೋಲು. ನೆರೆ. ಹುಟ್ಟು ಹಾಕುವ ಹುಡುಗ. ತಾಯಿಯ ಮುಂದೆ ಕೂತು ರೊಟ್ಟಿ ತಿನ್ನುವ ಹುಡುಗ. ಗೋಡೆ ಹಿಡಿದು ನಿಲ್ಲುವ ಮಗು. ತೊಟ್ಟಿಲು. ಆ ಚಿತ್ರದ ಮೇಲೆ ಅವಳ ಬೆರಳು ನಿಧಾನ ಆಡಿತು, ಮಗುವಿನ ಕೆನ್ನೆಯ ಹತ್ತಿರ ನಿಂತಿತು. ವೀರಮ್ಮ ತುತ್ತು ಎತ್ತಿದರು. ಸಾಬರೂ ಮುಂದಕ್ಕೆ ಬಾಗಿದರು.

ಅವಳು ಪುಸ್ತಕ ಮುಚ್ಚಲಿಲ್ಲ. ಅಲ್ಲಿಂದಲೇ, ಬಲಗಡೆಯಿಂದ, ಒಂದೊಂದೇ ಹಾಳೆ ವಾಪಸ್ ತಿರುವತೊಡಗಿದಳು. ತೊಟ್ಟಿಲು. ಗೋಡೆ ಹಿಡಿದ ಮಗು. ರೊಟ್ಟಿ. ಹುಟ್ಟು. ನೆರೆ. ಒಂದನ್ನೂ ಬಿಡಲಿಲ್ಲ. ದಡಕ್ಕೆ ಬಂದು ನಿಂತು, ರಟ್ಟು ಮುಚ್ಚಿ, ಪುಸ್ತಕವನ್ನು ಎರಡೂ ಕೈಯಿಂದ ಸಾಬರಿಗೆ ಕೊಟ್ಟಳು.

“ನೀವು ಓದೋದು ಹಿಂಗೇ ಅಲ್ವಾ ಸಾಬ್ರೇ?” ಎಂದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಸಾಬರು ಸಂತೆಯ ಜನರ ನಡುವೆ ಯಾರಿಗೋ ಡಿಕ್ಕಿ ಹೊಡೆಯುತ್ತ, ಬೈಸಿಕೊಳ್ಳುತ್ತ ಮನೆಗೆ ಬಂದರು. ಒಲೆಯ ಮೇಲೆ ಅಂಟು ಕುದಿಯುತ್ತಿತ್ತು. ಹಾಜಿರಾ ಬೀ ಸೌಟು ಕೈಯಲ್ಲಿ ಹಿಡಿದೇ ಓಡಿಬಂದರು.

“ಓದಿದ್ಲಾ? ಹುಡುಗಿ ಊಟ ಮಾಡಿದ್ಲಾ?”

ಸಾಬರು ಟವೆಲಿನ ಗಂಟನ್ನು ಬಿಚ್ಚದೆ ಹಾಗೇ ನೆಲದ ಮೇಲಿಟ್ಟರು.

“ಇಲ್ಲ. ಬಲಗಡೆಯಿಂದ ಓದೋದನ್ನ ಕಲಿಸಿ ಬಂದೆ.”