ಪಾತ್ರೆ ಮೆಷೀನಿನ ವಯಸ್ಸು

ನಮ್ಮಪ್ಪ ಫ್ಯಾಕ್ಟರಿಯ ಹರಾಜಿಗೆ ಹೋಗಿದ್ದು ಒಂದು ಟೇಬಲ್ ಫ್ಯಾನ್ ತರಲಿಕ್ಕೆ. ಸಂಜೆ ಮನೆ ಮುಂದೆ ನಿಂತ ಟೆಂಪೋದಿಂದ ಇಳಿದದ್ದು ಮಾತ್ರ ಪಾತ್ರೆ ತೊಳೆಯುವ ಯಂತ್ರ. ತೊಂಬತ್ತರ ದಶಕದ ಮಾತು. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಆಗಿನ್ನೂ ಬಟ್ಟೆ ಒಗೆಯುವ ಮೆಷೀನನ್ನೇ ಜನ ಬಂದು ನೋಡಿಹೋಗುತ್ತಿದ್ದರು. ಎದುರು ಮನೆಯಾಕೆ ಇದೂ ಅದೇ ಎಂದುಕೊಂಡು "ಎಷ್ಟು ಸೀರೆ ಹಿಡಿಯತ್ತೆ?" ಎಂದು ಕೇಳಿದರು. "ಸೀರೆ ಅಲ್ಲಮ್ಮ, ಸೌಟು" ಎಂದರು ಅಪ್ಪ, ಬಹಳ ಗಂಭೀರವಾಗಿ.

ಅಪ್ಪ ಗುಮಾಸ್ತರಾಗಿದ್ದ ಆ ಕಾರ್ಖಾನೆಗೆ ಜರ್ಮನಿಯಿಂದ ಎಂಜಿನಿಯರುಗಳು ಬಂದು, ವರ್ಷಗಟ್ಟಲೆ ಕ್ವಾರ್ಟರ್ಸಿನಲ್ಲಿದ್ದು ವಾಪಸು ಹೋಗುತ್ತಿದ್ದರು. ಅವರು ಬಿಟ್ಟುಹೋದ ಸಾಮಾನನ್ನು ನೌಕರರ ನಡುವೆ ಹರಾಜು ಹಾಕುತ್ತಿದ್ದರು. ಹಾಗಾಗಿ ಈ ಯಂತ್ರ ಎಂಥವರ ಮನೆಯಲ್ಲಿತ್ತು, ಅವರು ಏನೇನು ತಿಂದಿರಬಹುದು ಎಂದು ಊಹಿಸಲು ದೊಡ್ಡ ಬುದ್ಧಿವಂತಿಕೆಯೇನೂ ಬೇಕಿರಲಿಲ್ಲ. ಅಪ್ಪನ ತಾಯಿ, ನಮ್ಮಜ್ಜಿ, ಯಂತ್ರ ಹೊಸ್ತಿಲು ದಾಟುವ ಮೊದಲೇ ಅಡ್ಡ ನಿಂತರು.

"ಯಾರ್ಯಾರ ಎಂಜಲು ತೊಳೆದಿದೆಯೋ ಇದು?"

"ಯಾರದ್ದೂ ಇಲ್ಲಮ್ಮ. ಹೊಸದು. ಅವರು ಡಬ್ಬಾನೇ ಬಿಚ್ಚಿರಲಿಲ್ಲ."

ಹಾಗಾದರೆ ಆ ಡಬ್ಬಾ ಎಲ್ಲಿ ಎಂದು ಅಜ್ಜಿ ಕೇಳಲಿಲ್ಲ. ಅಪ್ಪ ಹಣೆಯ ಬೆವರು ಒರೆಸಿಕೊಂಡು ಯಂತ್ರವನ್ನು ಅಡುಗೆಮನೆಯ ಮೂಲೆಗೆ ತಳ್ಳಿಸಿದರು.

ಈ ಸುಳ್ಳು ಯಾಕೆ ಎಂದು ಆಮೇಲೆ ನಾನು ಕೇಳಿದಾಗ ಅಪ್ಪ ಅಮ್ಮನ ಕೈ ತೋರಿಸಿದರು. ಅಮ್ಮನ ಬೆರಳ ತುದಿಗಳು ಸೋಪಿನ ಪುಡಿಗೆ ಬಿರಿದು ಹೋಗಿದ್ದವು. ಚಳಿಗಾಲದಲ್ಲಿ ಬಿರುಕಿನಿಂದ ರಕ್ತ ಬರುತ್ತಿತ್ತು. ಪಾತ್ರೆ ತಿಕ್ಕಲು ಕೆಲಸದವಳೊಬ್ಬಳು ಬರುತ್ತಿದ್ದಳು ನಿಜ, ಆದರೆ ಅವಳು ತಿಕ್ಕಿಟ್ಟ ಪಾತ್ರೆಯನ್ನು ಅಮ್ಮ ಮತ್ತೆ ತೊಳೆದೇ ಒಳಗೆ ತರಬೇಕು ಎಂಬುದು ಅಜ್ಜಿಯ ಕಾನೂನು. ಅನ್ನದ ತಪ್ಪಲೆ, ಹುಳಿ ಪಾತ್ರೆಗಳನ್ನಂತೂ ಕೆಲಸದವಳು ಮುಟ್ಟುವಂತೆಯೇ ಇರಲಿಲ್ಲ. ಅಂದರೆ ಒಂದು ಮನೆಯ ಪಾತ್ರೆಗೆ ಇಬ್ಬರು ಹೆಂಗಸರ ಕೈ ಸವೆಯುತ್ತಿತ್ತು. ಕೈಗವಸು ಹಾಕಿಕೊಳ್ಳೋಣವೆಂದರೆ ರಬ್ಬರು ಅಡುಗೆಮನೆಗೆ ಆಗದು. ಅಮ್ಮ ಸಂಜೆ ಹೊತ್ತು ಬೆರಳಿಗೆ ತುಪ್ಪ ಸವರಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ನನಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ಕಾಲೇಜಿಗೆ ಹೋಗುವ ಮಗಳು ನಾನು, ಮುಂದಿನ ಸರದಿ ನನ್ನದೇ ಎನ್ನುವುದೂ ಉರಿಗೆ ಒಂದು ಕಾರಣವಿರಬಹುದು.

ಆದರೆ ಅಪ್ಪನಿಗೆ ಅಮ್ಮನ ಕೈಗಿಂತ ಯಂತ್ರದ ಮೇಲೆಯೇ ಪ್ರೀತಿ ಜಾಸ್ತಿ ಎಂದು ನನ್ನ ಗುಮಾನಿ. ಅದಕ್ಕೆಂದು ಅಟ್ಟದ ಮೇಲೆ ಒಂದು ಡ್ರಮ್ ಇಟ್ಟು ಕೊಳಾಯಿ ನೀರು ತುಂಬಿಸಿದರು. ಕರೆಂಟಿನ ಏರಿಳಿತಕ್ಕೆ ಸ್ಟೆಬಿಲೈಸರ್ ಬಂತು. ಅದರ ಸೋಪು ಬೆಂಗಳೂರಿನಲ್ಲಿ ಎಲ್ಲೂ ಸಿಗದೆ ವಾಷಿಂಗ್ ಸೋಡಾ ಹಾಕಿದೆವು. ಯಂತ್ರದ ಮುಖದ ಮೇಲಿನ ಬರಹವೆಲ್ಲ ಜರ್ಮನ್ ಭಾಷೆ. ಅಪ್ಪ ಒಂದೊಂದೇ ಗುಂಡಿ ಒತ್ತಿ, ಕಿವಿಗೊಟ್ಟು ಕೇಳಿ ಅರ್ಥ ಮಾಡಿಕೊಂಡರು. ಅಜ್ಜಿ ಸುಮ್ಮನಿರಲಿಲ್ಲ. ಎಂಜಲು ತಟ್ಟೆಗಳದ್ದೇ ಒಂದು ಸಲ, ಮುಸುರೆ ಪಾತ್ರೆಗಳದ್ದೇ ಇನ್ನೊಂದು ಸಲ, ನಡುವೆ ಖಾಲಿ ನೀರಿನಲ್ಲಿ ಮತ್ತೊಂದು ಸಲ ತಿರುಗಿಸಬೇಕೆಂದು ಅಪ್ಪಣೆ ಮಾಡಿದರು. ಯಂತ್ರಕ್ಕೂ ಮಡಿಸ್ನಾನ! ತೊಳೆದು ಬಂದ ಲೋಟಗಳನ್ನು ಮೂಗಿಗೆ ಹಿಡಿದು ನೋಡುತ್ತಿದ್ದರು. ಏನೂ ಸಿಕ್ಕದೆ ಮುಖ ಸಣ್ಣದಾಗುತ್ತಿತ್ತು. ನಿಧಾನವಾಗಿ ಅಮ್ಮನ ಬೆರಳಿನ ಬಿರುಕುಗಳು ಕೂಡಿಕೊಂಡವು. ಹೂ ಕಟ್ಟುವಾಗ ದಾರ ಬಿರುಕಿಗೆ ಸಿಕ್ಕಿಕೊಳ್ಳುವುದು ನಿಂತಿತು.

ಅಷ್ಟರಲ್ಲಿ ಯಂತ್ರ ಕೈಕೊಟ್ಟಿತು. ಒಳಗೆ ನೀರು ನಿಂತು, ಗುಂಯ್ ಎನ್ನುತ್ತಾ, ಕೆಳಗಿನಿಂದ ಸೋರತೊಡಗಿತು. ಅಪ್ಪ ಫ್ಯಾಕ್ಟರಿಗೆ ರಜ ಹಾಕಿದರು. ಹರಿದುಹೋದ ರಬ್ಬರ್ ಬಳೆಯೊಂದನ್ನು ಬಿಚ್ಚಿಕೊಂಡು ನನ್ನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಮಾಮೂಲ್‌ಪೇಟೆಗೆ ಹೊರಟರು. ಅಂಗಡಿಯವನು ಅದನ್ನು ಹಿಗ್ಗಿಸಿ ನೋಡಿ, "ಪೂರಾ ಲೂಸಾಗಿದೆ, ಇದರ ಅಳತೆ ನಂಬಕ್ಕಾಗಲ್ಲ. ಹಳೇ ಮಾಲಿಗೆ ದಪ್ಪಂದು ಬರತ್ತೆ, ಹೊಸದಕ್ಕೆ ತೆಳ್ಳಂದು. ನಿಮ್ದು ಯಾವುದು ಸಾರ್?" ಎಂದು ಕೇಳಿದ.

"ಹೊಸದು," ಎಂದರು ಅಪ್ಪ, ಥಟ್ಟನೆ.

ಅಜ್ಜಿ ಎರಡು ಮೈಲಿ ದೂರದಲ್ಲಿದ್ದರು. ಆದರೂ ಅಪ್ಪನ ಬಾಯಿಂದ ನಿಜ ಹೊರಡಲಿಲ್ಲ. ತೆಳ್ಳನೆಯ ಬಳೆ ಮನೆಗೆ ಬಂತು. ಅದನ್ನು ಹಾಕಿ ಗುಂಡಿ ಒತ್ತಿದರೆ ನೀರು ಧಾರಾಕಾರವಾಗಿ ಸುರಿದು ದೇವರಕೋಣೆಯ ಹೊಸ್ತಿಲಿನ ರಂಗೋಲಿ ತೊಳೆದುಹೋಯಿತು. ಅಜ್ಜಿ ಅಪ್ಪನನ್ನು ನೋಡಿದ ನೋಟಕ್ಕೆ ನೆಲ ತಾನಾಗಿ ಒಣಗಬೇಕಿತ್ತು.

ಮರುದಿನವೂ ರಜ. "ನಿಜವಾದ ವಯಸ್ಸು ಗೊತ್ತಾಗದೆ ಇದು ರಿಪೇರಿ ಆಗಲ್ಲ ಅಪ್ಪ" ಎಂದೆ. ಅಜ್ಜಿ ಮಧ್ಯಾಹ್ನ ಮಲಗುವುದನ್ನೇ ಕಾದು, ಗೋಣಿಚೀಲ ಹಾಸಿ, ಯಂತ್ರವನ್ನು ಮಗ್ಗುಲಾಗಿ ಮಲಗಿಸಿದೆವು. ಬೆನ್ನ ಮೇಲಿನ ತಗಡಿನ ಚೀಟಿ ತುಕ್ಕು ತಿಂದಿತ್ತು. ಟಾರ್ಚ್ ಹಿಡಿದು ಒಳಗೆ ನೋಡಿದಾಗ ಪ್ಲಾಸ್ಟಿಕ್ ಭಾಗಗಳ ಮೇಲೆ ಗಡಿಯಾರದಂಥ ಪುಟ್ಟ ಅಚ್ಚುಗಳು ಕಂಡವು. ಸುತ್ತ ಒಂದರಿಂದ ಹನ್ನೆರಡು, ನಡುವೆ ಬಾಣ, ಬಾಣದ ಆಚೆಗೊಂದು ಈಚೆಗೊಂದು ಅಂಕಿ. ಮೊದಲು ತಲೆಬುಡ ತಿಳಿಯಲಿಲ್ಲ. ನಾಲ್ಕಾರು ಭಾಗಗಳನ್ನು ಹೋಲಿಸಿದಾಗ ಬಾಣದ ದಿಕ್ಕು ಬೇರೆ ಬೇರೆ, ನಡುವಿನ ಅಂಕಿಗಳು ಮಾತ್ರ ಎಲ್ಲದರಲ್ಲೂ ಒಂದೇ. ಬಾಣ ತೋರಿಸುವುದು ತಿಂಗಳು, ನಡುವಿನ ಎರಡಂಕಿ ಇಸವಿ! ಎಲ್ಲಕ್ಕಿಂತ ಈಚಿನ ತಿಂಗಳು ಯಾವ ಭಾಗದ ಮೇಲಿದೆಯೋ, ಯಂತ್ರ ಹುಟ್ಟಿದ್ದು ಅದರ ನಂತರವೇ. ಮನೆಯಲ್ಲಿ ಎಲ್ಲರ ಜಾತಕವೂ ಇತ್ತು, ಇದರದ್ದೊಂದು ಬಾಕಿ ಇತ್ತು, ಅದನ್ನು ನಾನು ಬರೆದೆ. ಇಸವಿ ಓದಿ ಹೇಳಿದಾಗ ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ನಮ್ಮ ಮದುವೆ ಆದ ವರ್ಷ ಕಣೇ ಅದು."

"ಹೊಸದು!" ಎಂದೆ ನಾನು. ತಲೆಗೊಂದು ಮೊಟಕಿದರು.

ವಯಸ್ಸಂತೂ ತಿಳಿಯಿತು, ದಪ್ಪ ಬಳೆ ತಂದರಾಯಿತು. ಆದರೆ ನೀರು ಯಾಕೆ ಹೊರಗೆ ಹೋಗುತ್ತಿಲ್ಲ ಎಂದು ನೋಡಲು ಅಪ್ಪ ಪಂಪನ್ನೂ ಬಿಚ್ಚಿದರು. ಗೆಣ್ಣುಗಳೆಲ್ಲ ತಗಡಿಗೆ ತರಚಿ ಕೆಂಪಾದವು. ಪಂಪಿನ ರೆಕ್ಕೆಗಳ ನಡುವೆ ಬೆಳ್ಳಗಿನದೇನೋ ಅಡ್ಡ ಸಿಕ್ಕಿಕೊಂಡಿತ್ತು. ಹೊರಗೆಳೆದು ಬೆಳಕಿಗೆ ಹಿಡಿದರೆ ಮೂಳೆ. ಕೋಳಿಯದೋ ಮೀನಿನದೋ ಎಂದು ಹೇಳುವ ಯೋಗ್ಯತೆ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ. ಇಷ್ಟು ದಿನ ಎಲ್ಲೋ ಸಂದಿಯಲ್ಲಿ ಅಡಗಿ ಕೂತು, ನಮ್ಮ ಹುಳಿ ಸೌಟುಗಳ ಜೊತೆ ತಾನೂ ಮೀಯುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಆ ನಗುವಿಗೇ ಅಜ್ಜಿ ಎದ್ದು ಬಂದರು. ಹಿಂದೆಯೇ ಅಮ್ಮ ಹಿತ್ತಲಿನಿಂದ, ಕೈಯಲ್ಲಿ ತೆಂಗಿನ ನಾರು ಹಿಡಿದೇ ಬಂದಳು. ಯಂತ್ರ ನಿಂತಾಗಿನಿಂದ ಅವಳು ಮತ್ತೆ ನಲ್ಲಿಯ ಕೆಳಗೇ ಇದ್ದಳು. ಬಿರುಕುಗಳು ಮತ್ತೆ ಬಾಯಿ ಬಿಟ್ಟಿದ್ದವು.

ಅಪ್ಪ ಮೂಳೆಯನ್ನು ಅಂಗಿ ಜೇಬಿಗೆ, ಅಂದರೆ ಸರಿಯಾಗಿ ಜನಿವಾರದ ಮೇಲಕ್ಕೆ, ಹಾಕಿಕೊಂಡಿದ್ದರು.

"ಏನೋ ಅದು?"

"ಸ್ಕ್ರೂ ಅಮ್ಮ."

"ಸ್ಕ್ರೂ ಬೆಳ್ಳಗಿರತ್ತಾ?"

"ಪ್ಲಾಸ್ಟಿಕ್ಕಿಂದು."

ಅಮ್ಮ ಬಗ್ಗಿ ಅಪ್ಪನ ಜೇಬಿಗೆ ಕೈಹಾಕಿ ಅದನ್ನು ತೆಗೆದು ಅಜ್ಜಿಯ ಮುಂದೆ ಹಿಡಿದಳು. "ಮೂಳೆ ಅತ್ತೆ ಇದು. ಮೆಷೀನೂ ಹೊಸದಲ್ಲ. ನಾನು ಈ ಮನೆಗೆ ಬಂದ ವರ್ಷದ್ದಂತೆ, ಒಳಗೆ ಮಾತಾಡಿಕೊಂಡಿದ್ದು ನಲ್ಲಿ ಹತ್ರ ಕೇಳಿಸ್ತು."

ಯಂತ್ರ ಇನ್ನು ಗುಜರಿಗೆ, ಅಮ್ಮ ಇನ್ನು ಶಾಶ್ವತವಾಗಿ ನಲ್ಲಿಗೆ ಎಂದುಕೊಂಡೆ. ಅಮ್ಮ ನಿಲ್ಲಿಸಲಿಲ್ಲ.

"ಅದೂ ನಾನೂ ಒಂದೇ ವರ್ಷ ಕೆಲಸಕ್ಕೆ ಸೇರಿದ್ದು. ಅದು ಕೆಟ್ಟಿತು ಅಂತ ಇವರು ರಜ ಹಾಕಿ ಮಾಮೂಲ್‌ಪೇಟೆಗೆ ಹೋದರು. ನನ್ನ ಕೈ ಕೆಟ್ಟು ಎಷ್ಟು ವರ್ಷ ಆಯ್ತು? ಒಂದು ದಿನ ರಜ ಹಾಕಿದ್ರಾ? ಯಾರಾದ್ರೂ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರಾ?"

ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನ್ನ ನಗು ಎಲ್ಲಿ ಹೋಯಿತೋ. ನನಗೆ ಬಹಳ ನಾಚಿಕೆಯಾಯಿತು.

ಅಜ್ಜಿ ಮೂಳೆಯನ್ನು ನೋಡಲಿಲ್ಲ. ಅದನ್ನು ಹಿಡಿದಿದ್ದ ಬೆರಳುಗಳನ್ನು ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ಮೊದಲು ಅದನ್ನ ಆಚೆ ಎಸೆದು ಸ್ನಾನ ಮಾಡು. ನಾಳೆ ಇನ್ನೊಂದು ರಜ ಹಾಕಿ ಇವಳನ್ನ ಚರ್ಮದ ಡಾಕ್ಟ್ರಿಗೆ ತೋರಿಸ್ಕೊಂಡು ಬಾ."

"ಮತ್ತೆ ಮೆಷೀನು?" ಎಂದರು ಅಪ್ಪ.

"ಒಳಗೆಲ್ಲ ಸ್ಟೀಲು ತಾನೆ? ನೀರು ಕುದಿಸತ್ತೆ ತಾನೆ? ಬೆಂಕಿ ಕಂಡ ಲೋಹಕ್ಕೆ ಏನು ಮೈಲಿಗೆ? ರಿಪೇರಿ ಮಾಡು." ಯಾವ ಪುರೋಹಿತರನ್ನೂ ಕೇಳದೆ ಅಜ್ಜಿ ತೀರ್ಪು ಕೊಟ್ಟರು. ಅಮ್ಮನ ಕೈಯಿಂದ ತೆಂಗಿನ ನಾರು ಕಿತ್ತು ಅಪ್ಪನ ಕೈಗೆ ತುರುಕಿದರು. "ಅದು ಸರಿ ಹೋಗೋ ತನಕ ನೀನೇ ಮೆಷೀನು."

ಆ ಸಂಜೆ ಅಪ್ಪ ಪಂಚೆ ಎತ್ತಿ ಕಟ್ಟಿ ಹಿತ್ತಲಿನ ನಲ್ಲಿ ಕೆಳಗೆ ಕುಕ್ಕರಗಾಲಲ್ಲಿ ಕೂತರು. ಅಜ್ಜಿ ಪಕ್ಕದಲ್ಲೇ ನಿಂತು, ತಳ ಹಿಡಿದ ಅನ್ನದ ತಪ್ಪಲೆಯನ್ನು ಮೂಗಿಗೆ ಹಿಡಿದು ನೋಡಿ, "ಇನ್ನೊಂದು ಸಲ" ಎಂದು ವಾಪಸು ಕೊಟ್ಟರು. ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ವಾರಪತ್ರಿಕೆ ಬಿಡಿಸಿಕೊಂಡು ಕೂತಿದ್ದಳು. ಸೋಪಿನ ನೀರು ಅಪ್ಪನ ತರಚಿದ ಗೆಣ್ಣುಗಳಿಗೆ ಇಳಿಯಿತು. ಅವರು ಕೈ ಒದರಿ ತಲೆಯೆತ್ತಿದರು.

"ಲೇ, ಇದು ಉರಿಯತ್ತಲ್ಲೇ!"

"ಹೌದಾ?" ಎಂದು ಅಮ್ಮ ಪುಟ ತಿರುಗಿಸಿದಳು.