ಅಪ್‌ಡೇಟಿಗೆ ನನ್ನದೇ ನೆಟ್ಟು

ನೋಡ್ರಪ್ಪಾ, ಬೆಳಿಗ್ಗೆ ಹಿರೇನಲ್ಲೂರಿನಿಂದ ಹಾಡು ಹಾಡಿಕೊಂಡೇ ಬಂದ ನನ್ನ ಕಾರಿನ ಸ್ಕ್ರೀನು, ಕಡೂರಿನಲ್ಲಿ ಸರ್ವೀಸಿಗೆ ಬಿಟ್ಟ ಎರಡೇ ಗಂಟೆಯಲ್ಲಿ ಮೂಕವಾಗಿತ್ತು.

“ಸಾಫ್ಟ್‌ವೇರ್ ಹಳೇದಾಗಿದೆ ಸಾರ್. ಅಪ್‌ಡೇಟ್ ಮಾಡ್ಬೇಕು, ಎರಡು ಸಾವಿರ ಆಗುತ್ತೆ,” ಎಂದ ಮೆಕ್ಯಾನಿಕ್.

“ಬರೋವಾಗ ಚೆನ್ನಾಗೇ ಇತ್ತಲ್ಲಪ್ಪಾ. ಎರಡು ಗಂಟೇಲಿ ಹೆಂಗೆ ಹಳೇದಾಯ್ತು?”

ಅವನು ನನ್ನ ಮುಖ ನೋಡದೆ ಸ್ಕ್ರೀನು ಒರೆಸತೊಡಗಿದ. ಅನುಮಾನವಿದ್ದರೂ ಒಪ್ಪಿದೆ. ಆಗ ಮೆಲ್ಲಗೆ ಕೇಳಿದ:

“ಸಾರ್, ನಿಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡ್ತೀರಾ? ನಮ್ಮ ಗ್ಯಾರೇಜಲ್ಲಿ ನೆಟ್ ಇಲ್ಲ.”

ಕಾರು ನನ್ನದು, ನೆಟ್ಟು ನನ್ನದು. ಕಾರಿನೊಳಗೆ ಒಂದು ಗಂಟೆ ಫೋನ್ ಹಿಡಿದು ಕೂತವನೂ ನಾನೇ. ಅವನು ಟೀ ಕುಡಿದು ಬಂದ.

ಸ್ಕ್ರೀನು ಮತ್ತೆ ಹಾಡಿತು. ಬಿಲ್ಲು ನೋಡಿದರೆ, ಎರಡು ಸಾವಿರದ ಎದುರು ‘ಲೇಬರ್ ಚಾರ್ಜ್’ ಎಂದಿತ್ತು.

“ಇದು ನಂಗೆ ಬರ್ಬೇಕಾದ್ದಲ್ವೇನಪ್ಪಾ?” ಎಂದೆ.